ಬೇಸ್ ಆಂಪ್ ಟೋನ್ ನೋಟ್ಸ್: ಬೇಸ್ ನಾಬ್ ಬಿಡಿ, ಮಿಡ್ ಹಿಡೀರಿ

ಹೊಸದಾಗಿ ಬೇಸ್ ಗಿಟಾರ್ ಕಲಿಯೋರು ಹೆಚ್ಚಾಗಿ ಮಾಡೋದು ಒಂದೇ, ಆಂಪ್ (ಆಂಪ್ಲಿಫೈಯರ್) ಆನ್ ಮಾಡಿ ಬೇಸ್ ನಾಬ್ (ತಗ್ಗು ಸದ್ದಿನದು) ಪೂರ್ತಿ ತಿರುಗಿಸ್ತಾರೆ, ಟ್ರೆಬಲ್ (ಏರು ಸದ್ದು) ಒಂಚೂರು ಏರಿಸ್ತಾರೆ, ಮಿಡ್ (ನಡುವಿನ ಸದ್ದು) ಇಳಿಸ್ತಾರೆ. ನಾನೂ ವರ್ಷಗಟ್ಟಲೆ ಹಂಗೇ ಮಾಡ್ದೆ. ರೂಮಲ್ಲಿ ಒಬ್ರೇ ಕೂತು ನುಡಿಸಿದ್ರೆ ಸಖತ್ತಾಗಿರುತ್ತೆ, ಆದ್ರೆ ಡ್ರಮ್ಸು, ಎರಡು ಗಿಟಾರು ಶುರುವಾದ ಕೂಡ್ಲೇ ಬರೀ ಗುಂಯ್ ಅನ್ನೋ ಸದ್ದು ಉಳಿಯುತ್ತೆ, ಯಾವ ಸ್ವರ ಅಂತ ನಮಗೇ ಗೊತ್ತಾಗಲ್ಲ. ನಾನು ವಾಲ್ಯೂಮ್ ಏರಿಸ್ತಾ ಹೋದೆ, ಡ್ರಮ್ಮರ್ ಬೈಯ್ತಾ ಹೋದ, ಕೊನೆಗೆ ಗಿಟಾರಿಸ್ಟ್ ಎದ್ದು ಬಂದು ಬೇಸ್ ಇಳಿಸಿ ಮಿಡ್ ಏರಿಸಿ ಸುಮ್ನೆ ಹೋಗಿ ಕೂತ. ಅವತ್ತೇ ನನ್ನ ಬೇಸು ಕೇಳ್ಸಿದ್ದು.

ಯಾಕೆ ಹಿಂಗೆ? ನಾಲ್ಕು ತಂತಿ ಬೇಸಲ್ಲಿ ಓಪನ್ ಇ, ಅಂದ್ರೆ ಎಲ್ಲೂ ಒತ್ತದೆ ಮೀಟಿದ ಅತೀ ದಪ್ಪ ತಂತಿಯ ಸ್ವರ, ಸುಮಾರು 41 ಹರ್ಟ್ಜ್. ಆದ್ರೆ ಆ ಸ್ವರದೊಳಗೆ 82, 123, 164 ಅಂತ ಹಾರ್ಮೋನಿಕ್ಸ್ (ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳು) ಸಾಲಾಗಿ ಇರ್ತವೆ, ಕಿವಿ ಸ್ವರ ಗುರುತಿಸೋಕೆ ಹೆಚ್ಚಾಗಿ ಅವನ್ನೇ ನೆಚ್ಚಿಕೊಳ್ಳುತ್ತೆ. ಚಿಕ್ಕ ಸ್ಪೀಕರಿಂದ 41 ಸರಿಯಾಗಿ ಬರದೇ ಇದ್ರೂ ನಮಗೆ ಅದು ಇ ಅಂತಾನೇ ಕೇಳ್ಸೋದು ಇದಕ್ಕೇ. ಇನ್ನೊಂದು ವಿಷ್ಯ, ಫ್ಲೆಚರ್ ಮತ್ತು ಮನ್ಸನ್ ಅನ್ನೋ ಸಂಶೋಧಕರು 1933ರಲ್ಲಿ ತೋರಿಸಿಕೊಟ್ಟಿದ್ದು: ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ತಗ್ಗು ಸ್ವರಗಳು ಕೇಳೋದು ಇನ್ನೂ ಕಡಿಮೆ. ಅದಕ್ಕೇ ಮನೇಲಿ ಮೆಲ್ಲಗೆ ನುಡಿಸುವಾಗ ಬೇಸ್ ಸಾಲ್ದು ಅನ್ಸಿ ಏರಿಸ್ತೀವಿ, ಅದೇ ಸೆಟ್ಟಿಂಗ್ ಜೋರು ವಾಲ್ಯೂಮಲ್ಲಿ ಕೆಸರಾಗುತ್ತೆ. ಜೊತೆಗೆ ಬೇಸ್ 6 ಡೆಸಿಬೆಲ್ ಏರಿಸಿದ್ರೆ ಆ ತಗ್ಗಿನ ಸದ್ದಿಗೆ ನಾಲ್ಕು ಪಟ್ಟು ಪವರ್ ಬೇಕು, ಚಿಕ್ಕ ಆಂಪ್ ಎಲ್ಲಿಂದ ತರ್ಬೇಕು ಪಾಪ.

ಮಿಡ್ ಅಂದ್ರೆ ಒಂದೇ ಜಾಗ ಅಲ್ಲ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ, ಅದೇ 300 ವಾಟಿನ ವಾಲ್ವ್ ಆಂಪು, ಅದರಲ್ಲಿ ಮಿಡ್‌ಗೆ ಮೂರು ಆಯ್ಕೆ ಇದೆ: 220, 800, 3000 ಹರ್ಟ್ಜ್. ಇದನ್ನ ನೆನಪಿಟ್ಕೊಂಡ್ರೆ ಅರ್ಧ ಪಾಠ ಮುಗೀತು. 220ರ ಸುತ್ತಮುತ್ತ ಮೈ ತುಂಬಿದ ದಪ್ಪ ಸದ್ದು, ಜಾಸ್ತಿಯಾದ್ರೆ ಡಬ್ಬದೊಳಗಿಂದ ಬಂದಂಗೆ. 800ರ ಕಡೆ ಗುರುಗುಟ್ಟೋ ಸದ್ದು, ಗಿಟಾರುಗಳ ನಡುವೆ ಬೇಸ್‌ನ ಎದ್ದು ಕಾಣ್ಸೋದು ನನ್ನ ಪ್ರಕಾರ ಇದೇ. 3000ದಲ್ಲಿ ಬೆರಳು ತಾಗೋ ಸದ್ದು, ಹೆಬ್ಬೆರಳಲ್ಲಿ ತಂತಿಗೆ ಹೊಡೆಯೋ ಸ್ಲ್ಯಾಪ್‌ನ ಚಟ್ ಅನ್ನೋದು.

ಗೇನ್ (ಆಂಪ್ ಒಳಗೆ ಬರೋ ಸಿಗ್ನಲ್ ಎಷ್ಟು ಏರಬೇಕು ಅನ್ನೋ ನಾಬ್) ಬಗ್ಗೆ ಚುಟುಕಾಗಿ: ಮಾಸ್ಟರ್ (ಕೊನೆಯ ವಾಲ್ಯೂಮ್) ಇಳಿಸಿಡಿ, ನೀವು ನುಡಿಸೋ ಅತೀ ಜೋರಿನ ಏಟು ಹೊಡೀತಾ ಗೇನ್ ಏರಿಸಿ, ಸಿಗ್ನಲ್ ಮಿತಿ ಮೀರಿ ಸದ್ದು ಒಡೀತಿದೆ ಅಂತ ಹೇಳೋ ಕ್ಲಿಪ್ ಲೈಟ್ ಮಿಣುಕಿದ ತಕ್ಷಣ ಒಂಚೂರು ಹಿಂದೆ ಬನ್ನಿ, ಆಮೇಲೆ ಮಾಸ್ಟರ್. ಬ್ಯಾಟರಿ ಹಾಕೋ ಆಕ್ಟಿವ್ ಬೇಸ್ ಆದ್ರೆ ಆಕ್ಟಿವ್ ಇನ್‌ಪುಟ್ ಅಥವಾ ಜೋರು ಸಿಗ್ನಲ್ ತಗ್ಗಿಸೋ ಪ್ಯಾಡ್ ಸ್ವಿಚ್ ಇದ್ಯಾ ನೋಡಿ. ಎಲ್ಲಾ ನಾಬ್ ನಡುವೆ ಇಟ್ರೆ ಫ್ಲಾಟ್ (ಯಾವ ಸದ್ದೂ ಏರಿಳಿಯದ ಸೆಟ್ಟಿಂಗ್) ಅಂತ ಹೇಳ್ತಾರಲ್ಲ, ಎಲ್ಲಾ ಆಂಪಲ್ಲೂ ಅದು ನಿಜ ಅಲ್ಲ, ಹಳೇ ಥರದ ಪ್ಯಾಸಿವ್ ಟೋನ್ ಸರ್ಕ್ಯೂಟ್ (ಸದ್ದು ತಗ್ಗಿಸೋಕೆ ಮಾತ್ರ ಬರೋದು) ಇರೋ ಕಡೆ ನಡುವೆ ಇಟ್ರೂ ಮಿಡ್ ತಗ್ಗಿರುತ್ತೆ, ಅಲ್ಲಿ ಮಿಡ್ ಧಾರಾಳವಾಗಿ ಏರಿಸಬಹುದು.

ನಾಬ್ ಮುಟ್ಟೋ ಮುಂಚೆ ಕೈ ಜಾಗ ಬದಲಾಯಿಸಿ ನೋಡಿ. ಬ್ರಿಡ್ಜ್ (ಬಾಡಿ ಮೇಲೆ ತಂತಿ ಸಿಕ್ಕಿಸಿರೋ ತುದಿ) ಹತ್ರ ಮೀಟಿದ್ರೆ ಬಿಗಿಯಾಗಿ, ನೆಕ್ ಹತ್ರ ಮೀಟಿದ್ರೆ ದುಂಡಗೆ ಬರುತ್ತೆ, ಯಾವ ಈಕ್ಯೂನೂ (ಬೇಸ್, ಮಿಡ್, ಟ್ರೆಬಲ್ ನಾಬ್‌ಗಳು) ಇಷ್ಟು ಬೇಗ ಟೋನ್ ಬದಲಾಯಿಸಲ್ಲ. ಆಂಪ್ ಮೂಲೇಲಿ ಇಟ್ಟಿದ್ರೆ ಎರಡು ಗೋಡೆ, ನೆಲ ಸೇರಿ ಬೇಸ್ ಉಬ್ಬಿಸ್ತವೆ, ಸ್ವಲ್ಪ ಹೊರಗೆಳೀರಿ. ಆಮೇಲೆ ಉದ್ದ ಕೇಬಲ್ ಹಾಕ್ಕೊಂಡು ಬ್ಯಾಂಡ್ ನುಡಿಸ್ತಿರುವಾಗಲೇ ನಾಲ್ಕೈದು ಮೀಟರ್ ದೂರ ಹೋಗಿ ನಿಂತು ಕೇಳಿ, ಆಂಪ್ ಪಕ್ಕದಲ್ಲಿ ನಿಂತು ಕೇಳಿದ್ದಕ್ಕೂ ಇದಕ್ಕೂ ಸಂಬಂಧವೇ ಇರಲ್ಲ, ಸೆಟ್ಟಿಂಗ್ ಮಾಡೋದಿದ್ರೆ ಅಲ್ಲಿ ಕೇಳ್ಸಿದ್ದನ್ನ ನಂಬ್ಕೊಂಡು ಮಾಡಿ.