ಬೆಕ್ಕಿನ ಲಿಟರ್ ಬಾಕ್ಸ್: ವಾಸನೆ ಹುಟ್ಟುವ ಬಗೆ, ತಡೆಯುವ ಬಗೆ

ಮನೆಯೊಳಗೆ ಬೆಕ್ಕಿನ ಮಲಮೂತ್ರಕ್ಕೆಂದು ಇಡುವ ಪೆಟ್ಟಿಗೆಯೇ ಲಿಟರ್ ಬಾಕ್ಸ್; ಅದರಲ್ಲಿ ತುಂಬುವ, ತೇವ ಹೀರುವ ಕಾಳುಗಳೇ ಲಿಟರ್. ಬೆಕ್ಕು ಆಗತಾನೇ ಹೊಯ್ದ ಮೂತ್ರದಲ್ಲಿ ಕಣ್ಣುರಿಸುವ ಘಾಟು ಹೆಚ್ಚಾಗಿ ಇರುವುದಿಲ್ಲ. ಅದು ಆಮೇಲೆ ಹುಟ್ಟುತ್ತದೆ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದ ನೆರವಿನಿಂದ ಒಡೆದಾಗ ಅಮೋನಿಯಾ ಬಿಡುಗಡೆಯಾಗುತ್ತದೆ. ಮನೆಯೊಳಗೆ ಕಾಲಿಟ್ಟವರ ಮೂಗಿಗೆ ಮೊದಲು ಬಡಿಯುವುದು ಇದೇ. ಈ ಕ್ರಿಯೆಗೆ ತೇವ, ಬೆಚ್ಚನೆಯ ವಾತಾವರಣ ಮತ್ತು ಸಮಯ ಬೇಕು. ಮೂರರಲ್ಲಿ ನಮ್ಮ ಹಿಡಿತಕ್ಕೆ ಪೂರ್ತಿಯಾಗಿ ಸಿಗುವುದು ಸಮಯವೊಂದೇ. ಆದ್ದರಿಂದ ವಾಸನೆಯನ್ನು ಮುಚ್ಚಿಡುವ ಉಪಾಯಗಳನ್ನು ಹುಡುಕುವುದಕ್ಕಿಂತ, ಅದು ಹುಟ್ಟುವ ಮೊದಲೇ, ಲಿಟರಿನೊಂದಿಗೆ ಗಟ್ಟಿಯಾದ ಮೂತ್ರದ ಉಂಡೆಯನ್ನು ಹೊರಗೆ ಸಾಗಿಸುವುದು ಹೆಚ್ಚು ಫಲಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಟಿಪ್ಪಣಿಗಳೆಲ್ಲ ಈ ಒಂದು ಸಂಗತಿಯನ್ನೇ ಆಧರಿಸಿವೆ.

ಬೇರೆ ಪ್ರಾಣಿಗಳಿಗಿಂತ ಬೆಕ್ಕಿನ ಮೂತ್ರ ಏಕೆ ಇಷ್ಟು ತೀಕ್ಷ್ಣ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಸಾಕುಬೆಕ್ಕಿನ ಪೂರ್ವಜವು ಒಣ ಪ್ರದೇಶದ ಕಾಡುಬೆಕ್ಕು. ಸ್ವಲ್ಪ ನೀರಿನಲ್ಲೇ ಬದುಕುವ ಆ ದೇಹಧರ್ಮ ಇಂದಿಗೂ ಉಳಿದಿರುವುದರಿಂದ ಮೂತ್ರಪಿಂಡಗಳು ನೀರನ್ನು ಹಿಂದಕ್ಕೆ ಹೀರಿಕೊಂಡು ಮೂತ್ರವನ್ನು ಬಹಳ ಗಾಢವಾಗಿಸುತ್ತವೆ. ಎರಡನೆಯದು ಫೆಲಿನೀನ್ ಎಂಬ, ಗಂಧಕವನ್ನು ಒಳಗೊಂಡ ಅಮೈನೋ ಆಮ್ಲ. ಇದು ತಾನಾಗಿ ವಾಸನೆ ಬೀರದಿದ್ದರೂ, ಕ್ರಮೇಣ ಒಡೆದು ಬೆಕ್ಕಿನದೇ ಎಂದು ಗುರುತಿಸಬಹುದಾದ ಗಂಧಕಯುಕ್ತ ಸಂಯುಕ್ತಗಳನ್ನು ಕೊಡುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ ಗಂಡು ಬೆಕ್ಕಿನಲ್ಲಿ ಇದರ ಪ್ರಮಾಣ ಅತಿ ಹೆಚ್ಚು. ಶಸ್ತ್ರಚಿಕಿತ್ಸೆಯ ನಂತರ ಸ್ಪಷ್ಟವಾಗಿ ತಗ್ಗುತ್ತದೆ. ಹಸಿ ಆಹಾರದ ಮೂಲಕ ಬೆಕ್ಕಿನ ಹೊಟ್ಟೆಗೆ ಹೆಚ್ಚು ನೀರು ಹೋಗುವಂತೆ ನೋಡಿಕೊಂಡರೆ ಮೂತ್ರ ತೆಳುವಾಗುತ್ತದೆ. ಹೀಗಾಗಿ ವಾಸನೆಯ ನಿಯಂತ್ರಣವು ಬಾಕ್ಸಿಗಿಂತ ಮೊದಲೇ, ಬೆಕ್ಕಿನ ಬಟ್ಟಲಿನಲ್ಲೇ ಶುರುವಾಗುತ್ತದೆ.

ಬಾಕ್ಸಿಗೆ ಹಾಕುವ ಲಿಟರ್‌ನ ವಿಷಯಕ್ಕೆ ಬರೋಣ. 1947ರಲ್ಲಿ ಅಮೆರಿಕದ ಎಡ್ ಲೋ ಎಂಬವರು ಹೀರುವ ಗುಣವುಳ್ಳ ಜೇಡಿಮಣ್ಣಿನ ಕಾಳುಗಳನ್ನು ಬೆಕ್ಕುಗಳಿಗೆಂದು ಮಾರತೊಡಗಿದರು. ಅದಕ್ಕೂ ಮೊದಲು ಜನ ಬೂದಿ, ಮರಳುಗಳನ್ನೇ ಬಳಸುತ್ತಿದ್ದರು. ಉಂಡೆಕಟ್ಟುವ ಲಿಟರ್ ಬಂದದ್ದು 1980ರ ದಶಕದಲ್ಲಿ. ಅದರ ಮುಖ್ಯ ಘಟಕವಾದ ಸೋಡಿಯಂ ಬೆಂಟೋನೈಟ್ ನೀರು ತಾಗಿದೊಡನೆ ಉಬ್ಬಿ, ಮೂತ್ರವನ್ನು ಸುತ್ತುವರಿದು ಗಟ್ಟಿ ಉಂಡೆಯಾಗುವುದರಿಂದ, ಉಳಿದ ಲಿಟರನ್ನು ಕೆಡಿಸದೆ ಮೂತ್ರವನ್ನು ಮಾತ್ರ ಎತ್ತಿ ತೆಗೆಯಲು ಬರುತ್ತದೆ. ಸಮಯವೇ ಮುಖ್ಯವೆಂದು ಒಪ್ಪಿದವರಿಗೆ ಈ ಬಗೆಯೇ ಹೆಚ್ಚು ಅನುಕೂಲ. ಸಿಲಿಕಾ ಜೆಲ್ ಹರಳುಗಳು ತೇವವನ್ನು ತಮ್ಮ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿಟ್ಟುಕೊಳ್ಳುತ್ತವೆಯಾದರೂ ಉಂಡೆಯಾಗುವುದಿಲ್ಲ. ಅವು ತುಂಬಿದ ಮೇಲೆ ಇಡಿಯಾಗಿ ಬದಲಿಸಬೇಕು. ಮರದ ಹುಡಿಯ ಗುಳಿಗೆ, ಕಾಗದದ ಲಿಟರ್‌ಗಳೂ ಬಳಕೆಯಲ್ಲಿವೆ. ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಎಳೆಯ ಮರಿಗಳಿಗೆ ಉಂಡೆಕಟ್ಟದ ಲಿಟರ್ ಸುರಕ್ಷಿತ, ಏಕೆಂದರೆ ಉಬ್ಬುವ ಮಣ್ಣು ಅವುಗಳ ಹೊಟ್ಟೆಯಲ್ಲಿ ತೊಂದರೆ ಮಾಡಬಹುದು.

ಉಂಡೆಕಟ್ಟುವ ಲಿಟರ್ 5ರಿಂದ 7 ಸೆಂ.ಮೀ. ದಪ್ಪ ಇರಬೇಕು. ಇದಕ್ಕಿಂತ ತೆಳುವಾದರೆ ಮೂತ್ರ ತಳಕ್ಕೆ ಇಳಿದು ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ. ಅದನ್ನು ಕೆರೆದು ತೆಗೆಯುವಾಗ ಉಂಡೆ ಒಡೆದು, ವಾಸನೆಯ ಚೂರುಗಳು ಒಳ್ಳೆಯ ಲಿಟರಿನಲ್ಲಿ ಬೆರೆತುಹೋಗುತ್ತವೆ. ಲಿಟರ್ ಎಷ್ಟೇ ಹೊಸದಾದರೂ ವಾಸನೆ ಹೋಗುತ್ತಿಲ್ಲ ಎನ್ನುವವರು ಮೊದಲು ಈ ಚೂರುಗಳನ್ನು ಗಮನಿಸಬೇಕು. ರಂಧ್ರಗಳಿರುವ ಸ್ಕೂಪನ್ನು ಉಂಡೆಯ ಅಡಿಗೆ ತೂರಿಸಿ, ಉಂಡೆಯನ್ನು ಇಡಿಯಾಗಿ ಎತ್ತಿ, ಮೆಲ್ಲಗೆ ಅಲ್ಲಾಡಿಸಿದರೆ ಒಣ ಲಿಟರ್ ಕೆಳಗೆ ಸುರಿಯುತ್ತದೆ. ಈ ಕೆಲಸ ದಿನಕ್ಕೆ ಒಮ್ಮೆಯಾದರೂ ಆಗಲೇಬೇಕು, ಎರಡು ಸಲವಾದರೆ ಇನ್ನೂ ಒಳ್ಳೆಯದು. ತೆಗೆದಷ್ಟು ಲಿಟರನ್ನು ಮತ್ತೆ ಸೇರಿಸಿ ದಪ್ಪವನ್ನು ಸರಿಮಾಡಿ.

ಲಿಟರನ್ನು ಪೂರ್ತಿ ಚೆಲ್ಲಿ ಬಾಕ್ಸನ್ನು ತೊಳೆಯುವ ಕೆಲಸ ಉಂಡೆಕಟ್ಟುವ ಬಗೆಗೆ ತಿಂಗಳಿಗೊಮ್ಮೆ, ಉಂಡೆಕಟ್ಟದ ಬಗೆಗೆ ವಾರಕ್ಕೊಮ್ಮೆ ಎಂದು ಇಟ್ಟುಕೊಳ್ಳಬಹುದು. ಬಿಸಿನೀರು ಮತ್ತು ಸುವಾಸನೆಯಿಲ್ಲದ ಸೌಮ್ಯ ಸೋಪು ಸಾಕು. ತೊಳೆದು ಪೂರ್ತಿ ಒಣಗಿಸಿದ ಮೇಲಷ್ಟೇ ಹೊಸ ಲಿಟರ್ ಹಾಕಬೇಕು. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮೂತ್ರ ಉಳಿದಿರುವ ಬಾಕ್ಸಿಗೆ ಬ್ಲೀಚ್ ಸುರಿದರೆ ಅದು ಅಮೋನಿಯಾದೊಂದಿಗೆ ಸೇರಿ ಕ್ಲೋರಮೈನ್ ಎಂಬ ವಿಷಾನಿಲವನ್ನು ಉಂಟುಮಾಡುತ್ತದೆ. ಮುಚ್ಚಿದ ಸ್ನಾನಗೃಹದಲ್ಲಿ ಇದು ಉಸಿರಾಟಕ್ಕೇ ಅಪಾಯ. ಫಿನಾಲ್ ಇರುವ ಕ್ರಿಮಿನಾಶಕಗಳನ್ನೂ ದೂರವಿಡಬೇಕು, ಏಕೆಂದರೆ ಬೆಕ್ಕಿನ ಯಕೃತ್ತಿಗೆ ಫಿನಾಲನ್ನು ನಿರ್ವಿಷಗೊಳಿಸುವ ಶಕ್ತಿ ತೀರಾ ಕಡಿಮೆ, ಮತ್ತು ಅಂಗಾಲಿಗೆ ಹತ್ತಿದ್ದನ್ನು ಬೆಕ್ಕು ನೆಕ್ಕಿಯೇ ನೆಕ್ಕುತ್ತದೆ. ವರ್ಷಗಟ್ಟಲೆ ಬಳಸಿದ ಪ್ಲಾಸ್ಟಿಕ್ ಬಾಕ್ಸಿನಲ್ಲಿ ಉಗುರಿನ ಗೀರುಗಳು ತುಂಬಿ, ಬ್ಯಾಕ್ಟೀರಿಯಾಗಳು ಅವುಗಳಲ್ಲಿ ನೆಲೆಯೂರುತ್ತವೆ. ಒಣಗಿಸಿದ ಬಾಕ್ಸೇ ವಾಸನೆ ಬೀರುತ್ತಿದ್ದರೆ ಅದನ್ನು ಬದಲಿಸುವ ಕಾಲ ಬಂದಿದೆ.

ವಾಸನೆ ಹೀರುವ ಪದಾರ್ಥಗಳ ಬಗ್ಗೆ ಕಲಿಯುವವರಲ್ಲಿ ಗೊಂದಲ ಹೆಚ್ಚು. ಅಡುಗೆ ಸೋಡ ದುರ್ಬಲ ಕ್ಷಾರ. ಅಮೋನಿಯಾ ಕೂಡ ಕ್ಷಾರವೇ. ಆದ್ದರಿಂದ ತಳಕ್ಕೆ ಉದುರಿಸಿದ ಸೋಡ ಆಮ್ಲಗುಣದ ವಾಸನೆಗಳನ್ನು ಸ್ವಲ್ಪ ತಗ್ಗಿಸಬಹುದೇ ಹೊರತು ಅಮೋನಿಯಾದ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೆ. ಜಿಯೋಲೈಟ್ ಎಂಬ ಖನಿಜವು ಅಯಾನು ವಿನಿಮಯದಿಂದ, ಅಂದರೆ ತನ್ನಲ್ಲಿನ ವಿದ್ಯುದಾವೇಶದ ಕಣಗಳನ್ನು ಬಿಟ್ಟುಕೊಟ್ಟು, ತೇವದಲ್ಲಿ ಅಮೋನಿಯಾ ತಳೆಯುವ ರೂಪವಾದ ಅಮೋನಿಯಂ ಅಯಾನುಗಳನ್ನು ಹಿಡಿಯುತ್ತದೆ. ಸಕ್ರಿಯ ಇಂಗಾಲವು ಮುಖ್ಯವಾಗಿ ಸಾವಯವ ಸಂಯುಕ್ತಗಳಿಗೆ ಉಪಯುಕ್ತ. ಸುಗಂಧ ಬೆರೆಸಿದ ಲಿಟರನ್ನು ಮಾತ್ರ ನಾನು ಸೂಚಿಸಲಾರೆ. ಅದರ ಪರಿಮಳ ನಮಗೆ ಹಿತವೆನಿಸಿದರೂ ಸೂಕ್ಷ್ಮ ಮೂಗಿನ ಬೆಕ್ಕಿಗೆ ಕಿರಿಕಿರಿಯಾಗಿ, ಅದು ಬಾಕ್ಸನ್ನೇ ಬಿಟ್ಟು ಮೂಲೆ ಹುಡುಕಬಹುದು. ಮುಚ್ಚಳವಿರುವ ಬಾಕ್ಸಿನದೂ ಇದೇ ಕಥೆ: ವಾಸನೆ ಹೋಗುವುದಿಲ್ಲ, ಬೆಕ್ಕು ಕೂರುವ ಒಳಭಾಗದಲ್ಲೇ ಮಡುಗಟ್ಟುತ್ತದೆ. ಬಾಕ್ಸನ್ನು ಗಾಳಿಯಾಡುವ, ಒಣಗಿದ, ಊಟದ ಬಟ್ಟಲಿನಿಂದ ದೂರವಾದ ಜಾಗದಲ್ಲಿಡುವುದೇ ಮೇಲು.

ಬಾಕ್ಸುಗಳ ಸಂಖ್ಯೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಬಾಕ್ಸಿನ ಉದ್ದ, ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಇರಬೇಕು.

ದಿನವೂ ಶುಚಿಗೊಳಿಸುವುದಕ್ಕೆ ಆರೋಗ್ಯದ ಕಾರಣವೂ ಇದೆ. ಸೋಂಕಿತ ಬೆಕ್ಕಿನ ಮಲದಲ್ಲಿ ಹೊರಬರುವ ಟಾಕ್ಸೊಪ್ಲಾಸ್ಮಾ ಪರೋಪಜೀವಿಯು ಸೋಂಕು ಹರಡುವ ಸ್ಥಿತಿಗೆ ಬಲಿಯಲು 1ರಿಂದ 5 ದಿನ ಬೇಕು. ಅದರೊಳಗೆ ಮಲವನ್ನು ತೆಗೆದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಗರ್ಭಿಣಿಯರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಒಪ್ಪಿಸುವುದು ಸೂಕ್ತ. ಅನಿವಾರ್ಯವಾದರೆ ಕೈಗವಸು ಧರಿಸಿ, ನಂತರ ಸೋಪಿನಿಂದ ಕೈ ತೊಳೆಯಬೇಕು. ತೆಗೆದದ್ದನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಬೇಕೇ ವಿನಾ ಶೌಚಾಲಯಕ್ಕೆ ಸುರಿಯಬಾರದು. ಬೆಂಟೋನೈಟ್ ಕೊಳವೆಯಲ್ಲಿ ಉಬ್ಬಿ ಕಟ್ಟಿಕೊಳ್ಳುತ್ತದೆ.

ನಿತ್ಯ ಸ್ಕೂಪ್ ಹಿಡಿಯುವವರಿಗೆ ಬೆಕ್ಕಿನ ದೇಹಸ್ಥಿತಿಯೂ ತಿಳಿಯುತ್ತ ಹೋಗುತ್ತದೆ. ದಿನಕ್ಕೆ ಎಷ್ಟು ಉಂಡೆ, ಯಾವ ಗಾತ್ರ ಎಂಬುದು ರೂಢಿಯಾದ ಮೇಲೆ, ಉಂಡೆಗಳು ಏಕಾಏಕಿ ದೊಡ್ಡವಾಗಿ ಹೆಚ್ಚಾದರೆ ಮಧುಮೇಹ ಅಥವಾ ಮೂತ್ರಪಿಂಡದ ಕಾಯಿಲೆಯನ್ನು ಶಂಕಿಸಿ ಪಶುವೈದ್ಯರನ್ನು ಕಾಣಬೇಕು. ಗಂಡು ಬೆಕ್ಕು ಮತ್ತೆ ಮತ್ತೆ ಬಾಕ್ಸಿಗೆ ಹೋಗಿ ತಿಣುಕಿದರೂ ಒಂದು ಉಂಡೆಯೂ ಕಾಣದಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಇದು ಒಂದೆರಡು ದಿನಗಳಲ್ಲಿ ಪ್ರಾಣ ತೆಗೆಯಬಲ್ಲ ಸ್ಥಿತಿಯಾದ್ದರಿಂದ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಚಿಕಿತ್ಸೆಗೆ ಕರೆದೊಯ್ಯಬೇಕು.