ಪಿಗ್ಮಿ ಕಮಿಷನ್: ಎರಡಾಣೆಯಿಂದ ಸುಪ್ರೀಂ ಕೋರ್ಟಿನವರೆಗೆ

1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳ ಹಾಕಿ ಶುರು ಮಾಡಿದ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು, ಏಜೆಂಟರೇ ಬಾಗಿಲಿಗೆ ಬರುತ್ತಿದ್ದರು.

ಬ್ಯಾಂಕಿಗೆ ಇದು ಲಾಭದ ಏರ್ಪಾಡು. ಸಂಬಳವೆಂಬ ಖಾಯಂ ಖರ್ಚಿಲ್ಲ, ದುಡ್ಡು ಬಂದಷ್ಟಕ್ಕೇ ಕಮಿಷನ್. ಕೆಲಸ ಅಳೆಯಲು ಮೇಲಧಿಕಾರಿಯ ವರದಿಯೂ ಬೇಡ, ಪಾಸ್‌ಬುಕ್ಕಿನಲ್ಲಿ ಬರೆದ ಮೊತ್ತವೇ ಸಾಕ್ಷಿ.

ತೊಡಕು ಇದ್ದದ್ದೂ ಅಲ್ಲೇ. ಮಂಗಳೂರಿನ ದಕ್ಕೆಯಲ್ಲೋ (ಮೀನುಗಾರಿಕೆ ಬಂದರು) ಮಲ್ಪೆಯಲ್ಲೋ ಈಗ ಜೂನ್, ಜುಲೈನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ಕಡಲಿಗೆ ಇಳಿಯದಿದ್ದರೆ ಅಲ್ಲಿನವರ ಕೈಯಲ್ಲಿ ಕಾಸು ಆಡುವುದಿಲ್ಲ. ಏಜೆಂಟರು ಸುತ್ತುವುದು ಅಷ್ಟೇ, ಚಪ್ಪಲಿ ಸವೆಯುವುದೂ ಅಷ್ಟೇ, ಕಮಿಷನ್ ಮಾತ್ರ ಇಳಿಯುತ್ತದೆ. ನೌಕರರ ಹಿಡಿತದಲ್ಲಿ ಇಲ್ಲದ್ದಕ್ಕೆ ಅವರನ್ನು ಹೊಣೆ ಮಾಡಬಾರದು ಎಂದು ಸಂಸ್ಥೆಯೊಳಗಿನ ಲೆಕ್ಕಾಚಾರದ ಶಾಸ್ತ್ರವಾದ ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಹೇಳುತ್ತದೆ. ಬರೀ ಕಮಿಷನ್ ಪದ್ಧತಿಯಲ್ಲಿ ಮಳೆಗಾಲದ ಹೊರೆಯೆಲ್ಲ ಏಜೆಂಟರ ತಲೆಗೇ.

ಏಜೆಂಟರ ತಕರಾರು ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಯವರೆಗೂ ಹೋಯಿತು. 1988ರ ಅದರ ತೀರ್ಪು, ನನ್ನ ಪ್ರಕಾರ, ಎಷ್ಟೋ ಕಂಪನಿಗಳ ಇನ್ಸೆಂಟಿವ್ (ಪ್ರೋತ್ಸಾಹಧನ) ಸ್ಕೀಮಿಗಿಂತ ಅಚ್ಚುಕಟ್ಟು. ತಿಂಗಳಿಗೆ 7,500 ರೂಪಾಯಿ ಸಂಗ್ರಹಿಸಿದರೆ 750 ರೂಪಾಯಿ ಖಚಿತ, ಅದರ ಮೇಲಿನ ಸಂಗ್ರಹಕ್ಕೆ ನೂರಕ್ಕೆ 2. ಅಂದರೆ 20,000 ತಂದವರಿಗೆ 750ರ ಜೊತೆ 250 ಸೇರಿ ಸಾವಿರ. ಓಡಾಟದ ಭತ್ಯೆ ಬೇರೆ, ಗ್ರಾಚ್ಯುಟಿಯೂ ಉಂಟು. ಆದರೂ ಆ 7,500ರ ಗೆರೆ ದಕ್ಕೆಯವರಿಗೂ ಪೇಟೆಯವರಿಗೂ ಒಂದೇ.

ಬ್ಯಾಂಕುಗಳು ಒಪ್ಪಲಿಲ್ಲ. ಇವರು ನಮ್ಮ ನೌಕರರೇ ಅಲ್ಲ ಎಂದು ವಾದಿಸಿದವು. 2001ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಏಜೆಂಟರು ಕಾರ್ಮಿಕರೇ, ಕಮಿಷನ್ನೂ ವೇತನವೇ ಎಂದಿತು.

ಕೌಂಟರಿನ ಒಳಗಿನವರ ಕಥೆ ಉಲ್ಟಾ. 2020ರ ನವೆಂಬರಿನ ವೇತನ ಒಪ್ಪಂದದಲ್ಲಿ ಸರ್ಕಾರಿ ಬ್ಯಾಂಕುಗಳ ನೌಕರರಿಗೆ ಇನ್ಸೆಂಟಿವ್ ಬಂತು: ಬ್ಯಾಂಕಿನ ಕಾರ್ಯಾಚರಣೆ ಲಾಭ (ಕೆಟ್ಟ ಸಾಲಕ್ಕೆ, ತೆರಿಗೆಗೆ ತೆಗೆದಿಡುವ ಮೊದಲಿನ ಲಾಭ) ಹಿಂದಿನ ವರ್ಷಕ್ಕಿಂತ ನೂರಕ್ಕೆ 5ರಿಂದ 10 ಏರಿದರೆ 5 ದಿನದ ಸಂಬಳ, 15 ದಾಟಿದರೆ 15 ದಿನದ್ದು. ಮಲ್ಪೆ ಶಾಖೆಯ ಕ್ಲರ್ಕ್ ಎಷ್ಟೇ ದುಡಿಯಲಿ, ಲೆಕ್ಕಕ್ಕೆ ಬರುವುದು ಇಡೀ ಬ್ಯಾಂಕಿನ ಲಾಭ. 2024ರ ನವೆಂಬರಿನಲ್ಲಿ ಹಿರಿಯ ಅಧಿಕಾರಿಗಳಿಗೆ ಸರ್ಕಾರ ಬೇರೆಯೇ ಸೂತ್ರ ತಂದಾಗ, ಇದು ನೌಕರರಲ್ಲಿ ಭೇದ ಮಾಡುತ್ತದೆ ಎಂದು ಸಂಘಗಳು ತಿರುಗಿ ಬಿದ್ದವು.