‘ಜೆಡ್ಡಾ’ ಹಡಗಿನ ವಿಚಾರಣೆ, ಏಡನ್, 1880: ತೀರ್ಪಿನ ಜೊತೆಗೆ ಓದಬೇಕಾದ ಟಿಪ್ಪಣಿ

ವಸಾಹತು ಕಾಲದ ಹಡಗು ಅಪಘಾತಗಳ ವಿಚಾರಣಾ ವರದಿಗಳನ್ನು ಓದುವಾಗ ನಾವು ಸಾಮಾನ್ಯವಾಗಿ ಯಾರಿಗೆ ಯಾವ ಶಿಕ್ಷೆಯಾಯಿತು ಎಂಬ ಸಾಲನ್ನು ಗುರುತು ಹಾಕಿಕೊಂಡು ಮುಂದೆ ಹೋಗುತ್ತೇವೆ. ‘ಜೆಡ್ಡಾ’ ಪ್ರಕರಣವನ್ನು ಹಾಗೆ ಓದಿದರೆ ಅದರ ತಿರುಳೇ ಕೈತಪ್ಪುತ್ತದೆ.

ಮೊದಲು ಘಟನೆ. 1880ರ ಜುಲೈಯಲ್ಲಿ ಸಿಂಗಪುರದಿಂದ ಹೊರಟು, ಪೆನಾಂಗ್‌ನಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡ ಈ ಉಗಿಹಡಗಿನಲ್ಲಿ ಹಜ್ ಯಾತ್ರೆಗೆ ಹೊರಟ ಸುಮಾರು ಸಾವಿರ ಮಂದಿ ಇದ್ದರು. ನೈರುತ್ಯ ಮುಂಗಾರಿನ ಅಬ್ಬರಕ್ಕೆ ಆಗಸ್ಟ್ ಮೊದಲ ವಾರದಲ್ಲಿ ಬಾಯ್ಲರ್‌ಗಳು ತಮ್ಮ ನೆಲೆಯಿಂದ ಕದಲಿ, ಕೊಳವೆಗಳು ಮುರಿದು, ಎಂಜಿನ್ ನಿಂತು, ಹಡಗಿನೊಳಗೆ ನೀರು ಏರತೊಡಗಿತು. ಯಾತ್ರಿಕರೂ ನೀರು ಎತ್ತಿ ಹೊರಹಾಕುವುದರಲ್ಲಿ ಕೈಜೋಡಿಸಿದರು. ಆಗಸ್ಟ್ 8ರ ನಸುಕಿನ ಕತ್ತಲಲ್ಲಿ ಕಪ್ತಾನ ಜೋಸೆಫ್ ಲೂಕಸ್ ಕ್ಲಾರ್ಕ್, ಅವನ ಹೆಂಡತಿ, ಮೊದಲ ಮೇಟ್ (ಕಪ್ತಾನನ ನಂತರದ ಅಧಿಕಾರಿ) ಆಗಸ್ಟೀನ್ ಪಾಡ್‌ಮೋರ್ ವಿಲಿಯಮ್ಸ್ ಮತ್ತು ಕೆಲವರು ಒಂದು ದೋಣಿಯಲ್ಲಿ ಹಡಗು ಬಿಟ್ಟು ಹೋದರು. ‘ಸಿಂಡಿಯಾ’ ಎಂಬ ಹಡಗು ಅವರನ್ನು ಆಗಸ್ಟ್ 10ರಂದು ಏಡನ್‌ಗೆ ತಲುಪಿಸಿತು. ಜೆಡ್ಡಾ ಯಾತ್ರಿಕರ ಸಮೇತ ಮುಳುಗಿತೆಂದು ಅವರು ಹೇಳಿದರು. ಮರುದಿನ, ಆಗಸ್ಟ್ 11ರಂದು, ‘ಆಂಟಿನಾರ್’ ಹಡಗಿನ ಹಗ್ಗದ ಹಿಂದೆ ಅದೇ ಜೆಡ್ಡಾ ಜನಸಮೇತ ಏಡನ್ ಬಂದರಿನೊಳಗೆ ಬಂತು.

ಆ ಕಾಲಕ್ಕೆ ಏಡನ್ ಮುಂಬಯಿ ಪ್ರಾಂತದ ಆಡಳಿತಕ್ಕೆ ಸೇರಿತ್ತು. ನಮ್ಮ ಧಾರವಾಡ, ಬೆಳಗಾವಿ, ಕಾರವಾರಗಳೂ ಅದೇ ಪ್ರಾಂತದಲ್ಲಿದ್ದವು ಎಂಬುದು ನೆನಪಿದ್ದರೆ ಅರಬ್ಬೀ ಸಮುದ್ರದ ಆಚೆ ದಡದಲ್ಲಿ ಈ ವಿಚಾರಣೆ ಏಕೆ ನಡೆಯಿತೆಂಬುದು ಸಲೀಸಾಗಿ ಅರ್ಥವಾಗುತ್ತದೆ.

ಇಂಥ ವಿಚಾರಣೆ ಕ್ರಿಮಿನಲ್ ಮೊಕದ್ದಮೆಯಲ್ಲ ಎಂಬುದನ್ನು ಗಮನಿಸಬೇಕು. ಅಪಘಾತದ ಕಾರಣ ಪತ್ತೆಮಾಡುವುದು ಮತ್ತು ಹಡಗಿನ ಅಧಿಕಾರಿಗಳಾಗಿ ಕೆಲಸ ಮಾಡಲು ಬೇಕಾದ ಅರ್ಹತಾ ಪತ್ರದ ಬಗ್ಗೆ ತೀರ್ಮಾನಿಸುವುದು ಅದರ ಕೆಲಸ. ಆ ಪತ್ರವನ್ನು ಅಮಾನತಿನಲ್ಲಿಡುವುದೇ ಅದರ ಮುಖ್ಯ ಅಸ್ತ್ರ. ಏಡನ್ ನ್ಯಾಯಾಲಯ ಕ್ಲಾರ್ಕ್‌ನ ಪತ್ರವನ್ನು ಮೂರು ವರ್ಷ ಅಮಾನತು ಮಾಡಿತು. ಅವಧಿಗೆ ಮುನ್ನವೇ ದೋಣಿಗಳನ್ನು ಹೊರಚಾಚಿ ಇಳಿಸಲು ಸಿದ್ಧಗೊಳಿಸಿದ್ದರಿಂದ, ತಮ್ಮನ್ನು ಬಿಟ್ಟುಹೋಗುತ್ತಾರೆಂಬ ಭಯವನ್ನು ಯಾತ್ರಿಕರಲ್ಲಿ ಅವನೇ ಹುಟ್ಟಿಸಿದನೆಂಬುದು ನ್ಯಾಯಾಲಯ ಕಂಡ ದೊಡ್ಡ ತಪ್ಪು. ಕಪ್ತಾನನ ಧೈರ್ಯಗೆಡಿಸಿದವನು ವಿಲಿಯಮ್ಸ್ ಎಂದು ಅದು ಖಂಡಿಸಿತು.

ನಾನು ಹೆಚ್ಚು ತೂಕ ಕೊಡುವುದು ತೀರ್ಪಿಗೆ ನ್ಯಾಯಾಲಯ ಸೇರಿಸಿದ ಟಿಪ್ಪಣಿಗೆ. 993 ಟನ್ ನಿವ್ವಳ ಸಾಮರ್ಥ್ಯದ ಹಡಗಿಗೆ ಮುಂಗಾರಿನ ನಡುವೆ 953 ವಯಸ್ಕ ಯಾತ್ರಿಕರನ್ನು ಹತ್ತಿಸಿಕೊಳ್ಳಲು ಸ್ಟ್ರೈಟ್ಸ್ ಸರ್ಕಾರ (ಸಿಂಗಪುರ, ಪೆನಾಂಗ್‌ಗಳನ್ನು ಆಳುತ್ತಿದ್ದ ಬ್ರಿಟಿಷ್ ವಸಾಹತು ಸರ್ಕಾರ) ಅನುಮತಿ ಕೊಟ್ಟದ್ದು ಗಾಬರಿ ಹುಟ್ಟಿಸುವ ಸಂಗತಿ, ನಿಜವಾದ ಅಪಾಯ ಬಂದಿದ್ದರೆ ಅಷ್ಟು ಜನರನ್ನು ಉಳಿಸುವ ಆಸೆಯೇ ಇರಲಿಲ್ಲ ಎಂಬುದು ಅದರ ಸಾರ. ಹೆಚ್ಚುಕಡಿಮೆ ಟನ್ನಿಗೊಬ್ಬ ವಯಸ್ಕ. ಮಕ್ಕಳು ಈ ಲೆಕ್ಕಕ್ಕೆ ಹೊರಗೆ. ಹಾಗಾದರೆ ಕಪ್ತಾನ ಓಡಿಹೋಗದೆ ನಿಂತಿದ್ದರೂ ಹಡಗು ಮುಳುಗಿದ್ದರೆ ಹೆಚ್ಚಿನವರಿಗೆ ದೋಣಿ ಸಿಗುತ್ತಿರಲಿಲ್ಲ. ಅವನ ಹೇಡಿತನ ಕ್ಷಮಿಸುವಂಥದ್ದಲ್ಲ, ನಿಜ. ಆದರೆ ಅನುಮತಿ ಕೊಟ್ಟವರ ಕೈಯಲ್ಲಿ ಅಮಾನತು ಮಾಡಬಹುದಾದ ಅರ್ಹತಾ ಪತ್ರ ಇರಲಿಲ್ಲ, ಆದ್ದರಿಂದ ಅವರ ಪಾಲಿನ ತಪ್ಪು ತೀರ್ಪಾಗದೆ ಟಿಪ್ಪಣಿಯಾಗಿಯೇ ಉಳಿಯಿತು.

ಮೂವತ್ತೆರಡು ವರ್ಷಗಳ ನಂತರದ ಟೈಟಾನಿಕ್ ದುರಂತದೊಂದಿಗೆ ಇದನ್ನು ಹೋಲಿಸಿ ನೋಡಿ. ಅಲ್ಲಿಯೂ ನಿಯಮ ದೋಣಿಗಳನ್ನು ಎಣಿಸುತ್ತಿದ್ದದ್ದು ಹಡಗಿನ ಟನ್ ಲೆಕ್ಕದ ಮೇಲೆ, ಜನರ ಲೆಕ್ಕದ ಮೇಲಲ್ಲ. ಸುಮಾರು 2,200 ಜನರಿದ್ದ ಹಡಗಿನ ದೋಣಿಗಳಲ್ಲಿ 1,178 ಮಂದಿಗೆ ಮಾತ್ರ ಜಾಗವಿತ್ತು. ಟೈಟಾನಿಕ್ ವಿಚಾರಣೆಗಳ ಬೆನ್ನಿಗೆ, ಸಮುದ್ರದಲ್ಲಿ ಜೀವರಕ್ಷಣೆಗಾಗಿ ಆದ 1914ರ ಲಂಡನ್ ಒಪ್ಪಂದ ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ಜಾಗ ಇರಬೇಕೆಂದು ಬರೆಯಿತು. ಆದರೆ 1929ರ ಒಪ್ಪಂದದಲ್ಲಿ, ಮಲಗುವ ಬರ್ತ್ ಇಲ್ಲದ ಪ್ರಯಾಣಿಕರನ್ನು ಗುಂಪಾಗಿ ಒಯ್ಯುವ ಹಡಗುಗಳಿಗೆ, ಯಾತ್ರಿಕರ ಹಡಗುಗಳೂ ಸೇರಿದಂತೆ, ಕೆಲವು ನಿಯಮಗಳಿಂದ ವಿನಾಯಿತಿ ನೀಡಲು ಅವಕಾಶ ಇಡಲಾಯಿತು; ಅವುಗಳಿಗೆಂದೇ ‘ಸಿಮ್ಲಾ ನಿಯಮಗಳು’ 1931ರಲ್ಲಿ ಬೇರೆಯಾಗಿ ರೂಪುಗೊಂಡವು.